ಕೆಜಿಎಫ್: ಹೊರದೇಶದವರು ಆರಿಸಿ ಬಂದ ಊರು, ಊರಿನವರು ಬಿಟ್ಟು ಹೋಗುವ ಊರು

ಕೆಜಿಎಫ್: ವಿದೇಶದಲ್ಲಿ ಉದ್ಯೋಗ ದೊರೆತವರು ಯಾವ ನಗರದಲ್ಲಿ ನೆಲೆಸಬೇಕು ಎಂಬ ಪ್ರಶ್ನೆಗೆ ಈಗ ಸಿದ್ಧ ಪಟ್ಟಿಗಳಿವೆ. ಹವಾಮಾನ, ಕುಡಿಯುವ ನೀರು, ವಿದ್ಯುತ್, ಆಸ್ಪತ್ರೆ, ಮಕ್ಕಳ ಶಾಲೆ, ಮನರಂಜನೆ ಮುಂತಾದವುಗಳಿಗೆ ಅಂಕ ನೀಡಿ ಮರ್ಸರ್‌ನಂತಹ ಸಲಹಾ ಸಂಸ್ಥೆಗಳು ನಗರಗಳ ಸ್ಥಾನ ನಿಗದಿಪಡಿಸುತ್ತವೆ. ಏಷ್ಯಾದ ಮಟ್ಟಿಗೆ ಸಿಂಗಪುರವು ಇಂತಹ ಪಟ್ಟಿಗಳಲ್ಲಿ ಬಹುಕಾಲದಿಂದ ಮುಂಚೂಣಿಯಲ್ಲಿದೆ. ಇಂಥದೊಂದು ಪಟ್ಟಿ 1905ರಲ್ಲಿ ತಯಾರಾಗಿದ್ದರೆ ಕೋಲಾರ ಜಿಲ್ಲೆಯ ಕುರುಚಲು ಬಯಲಿನ ಗಣಿ ಊರೊಂದಕ್ಕೂ ಅದರಲ್ಲಿ ಗೌರವದ ಸ್ಥಾನವೇ ಸಿಗುತ್ತಿತ್ತು.

ಇಲ್ಲಿಗೆ ಸ್ವಂತ ಇಚ್ಛೆಯಿಂದ ಬಂದ ಹೊರದೇಶದವರಲ್ಲಿ ಮೊದಲು ಹೇಳಬೇಕಾದ ಹೆಸರು ಮೈಕೇಲ್ ಫಿಟ್ಜ್‌ಜೆರಾಲ್ಡ್ ಲ್ಯಾವೆಲ್ಲೆ ಅವರದು. ನ್ಯೂಜಿಲೆಂಡಿನ ಯುದ್ಧದಿಂದ ಮರಳಿ ಬೆಂಗಳೂರಿನಲ್ಲಿ ನೆಲೆಸಿದ್ದ ಈ ಐರಿಷ್ ಸೈನಿಕ, ಕೋಲಾರದ ಚಿನ್ನದ ಬಗ್ಗೆ ಜಾನ್ ವಾರೆನ್ ಬರೆದಿದ್ದ ಹಳೆಯ ವರದಿಯನ್ನು ಓದಿ 1871ರಲ್ಲಿ ಎತ್ತಿನ ಗಾಡಿ ಕಟ್ಟಿಸಿಕೊಂಡು ಇತ್ತ ಹೊರಟರು. ಮುಂದೆ ಅವರಿಗೆ ಗಣಿಗಾರಿಕೆಯ ಪರವಾನಗಿ ದೊರೆಯಿತು. ಬಂಡವಾಳ ಸಾಲದೆ ಹಕ್ಕನ್ನು ಇತರರಿಗೆ ಬಿಟ್ಟುಕೊಟ್ಟರು. ಬೆಂಗಳೂರಿನ ಲ್ಯಾವೆಲ್ಲೆ ರಸ್ತೆಯಲ್ಲಿ ದಿನವೂ ಓಡಾಡುವ ಎಷ್ಟು ಮಂದಿಗೆ ಈ ಹೆಸರು ಕೆಜಿಎಫ್‌ನ ನಂಟಿನದು ಎಂಬುದು ಗೊತ್ತಿದೆಯೋ!

1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪೆನಿ ಕಾಲಿಟ್ಟ ಬಳಿಕ ಸನ್ನಿವೇಶವೇ ಬದಲಾಯಿತು. ಆ ಹೊತ್ತಿಗೆ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತ್ಯದ ತಾಮ್ರ ಮತ್ತು ತವರದ ಗಣಿಗಳು ಕುಸಿಯತೊಡಗಿದ್ದವು. ಕೆಲಸ ಕಳೆದುಕೊಂಡ ಅಲ್ಲಿನ ಗಣಿಗಾರರು ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ, ಅಮೆರಿಕಗಳಿಗೆ ಚದುರಿದಂತೆಯೇ ಕೋಲಾರಕ್ಕೂ ಬಂದರು. ಇಟಲಿಯವರೂ ಬಂದರು. ಊರನ್ನು ಕಣ್ಣಾರೆ ನೋಡಿ, ಮೆಚ್ಚಿ ಬಂದವರು ಇವರಲ್ಲ. ಉದ್ಯೋಗ ಮೊದಲು, ಊರು ಆಮೇಲೆ. ಹಾಗಾಗಿ ಬಂದವರು ಉಳಿಯುವಂತೆ ಊರನ್ನು ಸಜ್ಜುಗೊಳಿಸುವ ಹೊಣೆ ಕಂಪೆನಿಯ ಮೇಲೆ ಬಿತ್ತು.

ಈ ಕೆಲಸದಲ್ಲಿ ಪ್ರಕೃತಿಯೂ ಒಂದಿಷ್ಟು ನೆರವಾಯಿತು. ಸಮುದ್ರಮಟ್ಟದಿಂದ ಸುಮಾರು 2,800 ಅಡಿ ಎತ್ತರದಲ್ಲಿರುವ ಈ ನೆಲದಲ್ಲಿ ಮದರಾಸಿನ ಸೆಕೆಯಾಗಲಿ ಕರಾವಳಿಯ ಜಿಗುಟಾಗಲಿ ಇರಲಿಲ್ಲ. ಉಳಿದದ್ದನ್ನು ಹಣ ಮಾಡಿತು. 1885ರಲ್ಲಿ ಕ್ಲಬ್ ಆರಂಭವಾಯಿತು. ಗಾಲ್ಫ್ ಮೈದಾನ, ಇಗರ್ಜಿಗಳು, ಆಸ್ಪತ್ರೆ, ಇಂಗ್ಲಿಷ್ ಶಾಲೆ, ಹೂದೋಟದ ಬಂಗಲೆಗಳು ಎದ್ದವು. ಬೇತಮಂಗಲದಿಂದ ಕೊಳವೆಯಲ್ಲಿ ಪಾಲಾರ್ ನದಿಯ ನೀರು ಬಂತು. 1894ರಲ್ಲಿ ಬೌರಿಂಗ್‌ಪೇಟೆಯಿಂದ ಮಾರಿಕುಪ್ಪಂವರೆಗೆ ರೈಲು ಹಳಿ ಬಿತ್ತು. ಇಂದಿನ ಬಂಗಾರಪೇಟೆಗೆ ಆ ಹೆಸರು ಬಂದದ್ದು ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಅವರಿಂದ. ಹಡಗಿಳಿದು ಮದರಾಸಿನಿಂದ ರೈಲಿನಲ್ಲಿ ಬಂದವರು ಇಲ್ಲಿ ಗಾಡಿ ಬದಲಿಸಿ ಗಣಿಯತ್ತ ಸಾಗುತ್ತಿದ್ದರು.

ಎಲ್ಲಕ್ಕಿಂತ ದೊಡ್ಡ ಆಕರ್ಷಣೆ ವಿದ್ಯುತ್. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರ ತಂತಿ ಎಳೆದು ಗಣಿಗೆ ಶಕ್ತಿ ಪೂರೈಸಲಾಯಿತು. ಅಂದಿನ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಇದೂ ಒಂದು. ಇದರ ಉದ್ದೇಶ ದೀಪ ಬೆಳಗಿಸುವುದಾಗಿರಲಿಲ್ಲ, ಉಗಿಯಂತ್ರಗಳ ದುಬಾರಿ ಖರ್ಚನ್ನು ಇಳಿಸುವುದಾಗಿತ್ತು. ಆದರೂ ರಾಜಧಾನಿ ಮೈಸೂರಿಗಿಂತ, ಬೆಂಗಳೂರಿಗಿಂತ ಮೊದಲೇ ಗಣಿ ಪ್ರದೇಶಕ್ಕೆ ವಿದ್ಯುತ್ ಬಂದಿತ್ತು. ಬೆಂಗಳೂರಿನ ಬೀದಿಗಳು ಬೆಳಗಿದ್ದು 1905ರಲ್ಲಿ. ‘ಲಿಟಲ್ ಇಂಗ್ಲೆಂಡ್’ ಎಂಬ ಹೆಸರು ಊರಿಗೆ ಸುಮ್ಮನೆ ಅಂಟಿಕೊಂಡದ್ದಲ್ಲ.

ಪಟ್ಟಿಗೆ ಸೇರದ ಲೈನ್‌ಗಳು

ಆದರೆ ಈ ಸೌಕರ್ಯಗಳನ್ನು ಇಡೀ ಊರಿನದು ಎಂದು ಬಗೆದರೆ ತಪ್ಪಾಗುತ್ತದೆ. ಉತ್ತರ ಆರ್ಕಾಟ್, ಸೇಲಂ ಕಡೆಗಳಿಂದ ಬಂದ ತಮಿಳು ಕಾರ್ಮಿಕರು, ಆಂಧ್ರದ ಗಡಿ ಸೀಮೆಯವರು, ಸುತ್ತಲ ಹಳ್ಳಿಗರು ವಾಸವಿದ್ದದ್ದು ಬಿದಿರ ತಟ್ಟಿಯ ಒಂದೇ ಕೋಣೆಯ ಲೈನ್ ಮನೆಗಳಲ್ಲಿ. ಅವರೂ ವಲಸೆ ಬಂದವರೇ. ಅವರನ್ನು ಮಾತ್ರ ಯಾರೂ ಇಂಗ್ಲಿಷಿನ ಸೊಗಸಾದ ಪದದಿಂದ ಕರೆಯಲಿಲ್ಲ. ಗಣಿಯ ಆಳ ಕೊನೆಗೆ ಮೂರು ಕಿಲೋಮೀಟರ್ ಮೀರಿತು. ಆ ಆಳದಲ್ಲಿ ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಒತ್ತಡಕ್ಕೆ ಬಂಡೆ ಸಿಡಿದು ಸತ್ತವರು, ಕಲ್ಲಿನ ದೂಳು ಕುಡಿದು ಸಿಲಿಕೋಸಿಸ್‌ನಿಂದ ನರಳಿದವರು ಹೆಚ್ಚಾಗಿ ಲೈನ್ ಮನೆಗಳವರು. ಬೆರಳಚ್ಚು ನೋಂದಣಿಯನ್ನು ವಿರೋಧಿಸಿ 1930ರಲ್ಲಿ ಅವರು ಮುಷ್ಕರ ಹೂಡಬೇಕಾಯಿತು. ಒಂದೇ ಊರು, ಒಂದೇ ಕಂಪೆನಿ. ಬಂಗಲೆಯಿಂದ ನೋಡಿದರೆ ಉತ್ತಮ ಊರು, ಲೈನ್‌ನಿಂದ ನೋಡಿದರೆ ಬೇರೆಯೇ ಊರು.

ಇಂದಿನ ಪಟ್ಟಿಗಳನ್ನು ಓದುವಾಗಲೂ ಈ ವ್ಯತ್ಯಾಸ ಗಮನದಲ್ಲಿರುವುದು ಒಳ್ಳೆಯದು. ಅವು ಮೂಲತಃ ತಯಾರಾಗುವುದು ಕಂಪೆನಿಗಳಿಗಾಗಿ. ಅಧಿಕಾರಿಯೊಬ್ಬರನ್ನು ಯಾವ ನಗರಕ್ಕೆ ಕಳುಹಿಸಿದರೆ ಎಷ್ಟು ಹೆಚ್ಚುವರಿ ಭತ್ಯೆ ಕೊಡಬೇಕು ಎಂಬ ಲೆಕ್ಕಕ್ಕೆ ಅವು ಉಪಯುಕ್ತ. ಕಂಪೆನಿಯೇ ಬಾಡಿಗೆ ಕಟ್ಟಿ, ಶಾಲೆಯ ಶುಲ್ಕ ತುಂಬುವ ವ್ಯವಸ್ಥಾಪಕನಿಗೆ ಕಾಣುವ ದುಬೈ, ದೋಹಾಗಳು ಒಂದು ಬಗೆಯವು. ಅದೇ ನಗರದ ಕಾರ್ಮಿಕ ಶಿಬಿರದಲ್ಲಿ ಕೋಣೆ ಹಂಚಿಕೊಂಡಿರುವವನಿಗೆ ಕಾಣುವ ನಗರದ ಸ್ಥಾನ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಕೊಲ್ಲಿ ರಾಷ್ಟ್ರಗಳಲ್ಲಿ ಸಾಮಾನ್ಯ ನೌಕರನ ವಾಸದ ಅನುಮತಿಯು ಅವನ ಉದ್ಯೋಗಕ್ಕೇ ಗಂಟುಬಿದ್ದಿರುತ್ತದೆ. ಕೆಲಸ ಹೋದರೆ ಹೊಸ ಕೆಲಸ ಹುಡುಕಲು ಸಿಗುವುದು ಸೀಮಿತ ಕಾಲಾವಕಾಶ.

ಕೆಜಿಎಫ್‌ನಲ್ಲೂ ಸೌಕರ್ಯದ ಆಯುಸ್ಸು ಮಾಲೀಕನ ಆಯುಸ್ಸಿನಷ್ಟೇ ಆಯಿತು. ಸ್ವಾತಂತ್ರ್ಯಾನಂತರ ಇಂಗ್ಲಿಷರು ಒಬ್ಬೊಬ್ಬರಾಗಿ ಮರಳಿದರು. ಮೇಲ್ವಿಚಾರಕ ಹುದ್ದೆಗಳಲ್ಲಿದ್ದ ಆಂಗ್ಲೋ ಇಂಡಿಯನ್ ಕುಟುಂಬಗಳು ಬ್ರಿಟನ್, ಆಸ್ಟ್ರೇಲಿಯಾಗಳ ಹಾದಿ ಹಿಡಿದವು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಶಪಡಿಸಿಕೊಂಡಿತು. 1962ರಲ್ಲಿ ಅವು ಕೇಂದ್ರದ ಅಧೀನಕ್ಕೆ ಬಂದು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸ್ಥಾಪನೆಯಾಯಿತು. ಈ ನಡುವೆ 1960ರ ದಶಕದಲ್ಲಿ ಬೇರೊಂದು ಬಗೆಯ ವಿದೇಶಿಯರೂ ಬಂದು ಹೋದರು. ಗಣಿಯ ಆಳದಲ್ಲಿ ನ್ಯೂಟ್ರಿನೊ ಕಣಗಳನ್ನು ಹುಡುಕಲು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯೊಡನೆ ಕೈಜೋಡಿಸಿದ ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅವರು. ವಾತಾವರಣದ ನ್ಯೂಟ್ರಿನೊಗಳ ಪತ್ತೆ 1965ರಲ್ಲಿ ಇಲ್ಲಿ ಸಾಧ್ಯವಾಯಿತು.

2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಕೊನೆಯವರೆಗೆ ಉಳಿದಿದ್ದ ಮೂರು ಸಾವಿರಕ್ಕೂ ಹೆಚ್ಚು ನೌಕರರ ಮುಂದೆ ಅಂದು ಊರು ಆರಿಸುವ ಪ್ರಶ್ನೆ ಎದ್ದಿತು. ಕಾರ್ನ್‌ವಾಲಿನವರಿಗಿದ್ದಂತೆ ಮರಳಲು ಇನ್ನೊಂದು ಊರು ಅವರಲ್ಲಿ ಬಹುತೇಕರಿಗೆ ಇರಲಿಲ್ಲ. ಮೂರು ನಾಲ್ಕು ತಲೆಮಾರು ಇಲ್ಲೇ ಕಳೆದಿದ್ದವು. ಹಾಗಾಗಿ ಮನೆ ಇಲ್ಲಿ, ಕೆಲಸ ಬೆಂಗಳೂರಿನಲ್ಲಿ ಎಂಬ ನಡುದಾರಿಯನ್ನು ಅವರ ಮಕ್ಕಳು ಕಂಡುಕೊಂಡರು. ಬೆಳಕು ಹರಿಯುವ ಮೊದಲೇ ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ಊಟದ ಡಬ್ಬಿ ಹಿಡಿದು ರೈಲು ಹತ್ತುವವರು ಇವರು. ಬಂಗಾರಪೇಟೆಯ ನಂತರ ಕೂರಲು ಜಾಗ ಸಿಗುವುದು ಕಷ್ಟ. ಸಂಜೆ ಅದೇ ಬಂಗಾರಪೇಟೆಯಲ್ಲಿ ಇಳಿದು, ಊರಿಗೆ ಹೆಸರು ತಂದ ತಿಳಿನೀರಿನ ಪಾನಿಪೂರಿ ತಿಂದು ಮನೆ ಸೇರುವವರೂ ಇದ್ದಾರೆ. ಲೈನ್ ಮನೆಗಳನ್ನು ತಮ್ಮ ಹೆಸರಿಗೆ ಮಾಡಿಕೊಡಬೇಕೆಂಬ ಬೇಡಿಕೆಯನ್ನು ಗಣಿ ಮುಚ್ಚಿದಂದಿನಿಂದ ಅವರ ಕುಟುಂಬಗಳು ಮುಂದಿಡುತ್ತಾ ಬಂದಿವೆ.