ಬಾಲೂ ಕರಡಿಯ ಎರಡು ಅವತಾರ

ಜಪಾನಿನ ಅನಿಮೆ, ಅಮೆರಿಕದ ಕಾರ್ಟೂನ್: ಎಲ್ಲವೂ ಒಂದೇ ಎನ್ನುವ ಮೊದಲು

1990ರ ದಶಕದಲ್ಲಿ ದೂರದರ್ಶನ ನೋಡಿ ಬೆಳೆದವರಿಗೆ ಬಾಲೂ ಎಂಬ ಕರಡಿಯ ಪರಿಚಯ ಇದ್ದೇ ಇರುತ್ತದೆ. ಭಾನುವಾರ ಬೆಳಿಗ್ಗೆ ಹಿಂದಿಯಲ್ಲಿ ಪ್ರಸಾರವಾಗುತ್ತಿದ್ದ ‘ಜಂಗಲ್ ಬುಕ್’ ಧಾರಾವಾಹಿಯಲ್ಲಿ ಈ ಬಾಲೂ, ತೋಳಗಳ ನಡುವೆ ಬೆಳೆದ ಮೋಗ್ಲಿಗೆ ಕಾಡಿನ ಕಾನೂನು ಕಲಿಸುವ ಮೇಷ್ಟ್ರು. ಅದೇ ದಶಕದಲ್ಲಿ, ಅದೇ ದೂರದರ್ಶನದಲ್ಲಿ ಬಂದ ‘ಟೇಲ್‌ಸ್ಪಿನ್’ನಲ್ಲಿ ಬಾಲೂ ತಲೆಗೆ ಟೊಪ್ಪಿ ಹಾಕಿಕೊಂಡು ಸರಕು ಸಾಗಿಸುವ ವಿಮಾನ ಹಾರಿಸುತ್ತಿದ್ದ. ಒಂದು ಕಡೆ ಮೋಗ್ಲಿಯ ಪ್ರಾಣಕ್ಕೆ ಹೊಂಚು ಹಾಕುತ್ತಿದ್ದ ಹುಲಿ ಶೇರ್ ಖಾನ್, ಇನ್ನೊಂದು ಕಡೆ ಸೂಟು ತೊಟ್ಟ ಭಾರೀ ವ್ಯಾಪಾರಿ!

ಒಂದೇ ಕರಡಿಗೆ ಈ ಎರಡು ಅವತಾರ ಹೇಗೆ ಬಂತು? ಮೊದಲನೆಯದನ್ನು 1989ರಲ್ಲಿ ತಯಾರಿಸಿದ್ದು ಜಪಾನಿನ ನಿಪ್ಪಾನ್ ಅನಿಮೇಷನ್ ಸಂಸ್ಥೆ. ಎರಡನೆಯದು 1990ರಲ್ಲಿ ಅಮೆರಿಕದ ಡಿಸ್ನಿ ಸಂಸ್ಥೆ ಹೊರತಂದದ್ದು. ಎರಡಕ್ಕೂ ಮೂಲ, ನಮ್ಮ ಮಧ್ಯಪ್ರದೇಶದ ಸಿವನಿ ಸೀಮೆಯ ಕಾಡನ್ನು ಹಿನ್ನೆಲೆಯಾಗಿಟ್ಟುಕೊಂಡು ರಡ್ಯಾರ್ಡ್ ಕಿಪ್ಲಿಂಗ್ 1894ರಲ್ಲಿ ಪ್ರಕಟಿಸಿದ ಪುಸ್ತಕ.

ಡಿಸ್ನಿ ಸಂಸ್ಥೆ 1967ರಲ್ಲೇ ಈ ಕಥೆಯನ್ನು 78 ನಿಮಿಷಗಳ ಚಲನಚಿತ್ರ ಮಾಡಿತ್ತು. ಕಿಪ್ಲಿಂಗನ ಗಂಭೀರ ಮೇಷ್ಟ್ರು ಬಾಲೂ ಅಲ್ಲಿ ಹಾಡಿ ಕುಣಿಯುವ ಸೋಮಾರಿಯಾದ. ಮೋಗ್ಲಿಯ ಗೆಳೆಯನಾಗಿದ್ದ ಹೆಬ್ಬಾವು ಕಾ, ನಗೆ ಉಕ್ಕಿಸುವ ಖಳನಾದ. ಪುಸ್ತಕದಲ್ಲಿ ಇಲ್ಲದ, ಭಾರತದ ಕಾಡುಗಳಲ್ಲೂ ಇಲ್ಲದ ಒರಾಂಗುಟಾನ್ ಕೋತಿಗಳ ರಾಜನಾಗಿ ಬಂತು. ಜಪಾನೀಯರು ಇದೇ ಕಥೆಯನ್ನು 52 ಕಂತುಗಳಲ್ಲಿ ನಿಧಾನವಾಗಿ ಹೇಳಿದರು. ತೋಳಗಳ ಹಿಂಡಿನ ಒಳಜಗಳ, ಹಿಂಡಿನ ಕಾನೂನು, ಬೆಳೆಯುತ್ತ ಹೋಗುವ ಹುಡುಗನ ಗೊಂದಲ, ಎಲ್ಲಕ್ಕೂ ಅಲ್ಲಿ ಜಾಗವಿತ್ತು.

ಇಂದು ಮನೆಮನೆಯ ಟೀವಿಯಲ್ಲಿ, ಮೊಬೈಲಿನಲ್ಲಿ ಟಾಮ್ ಅಂಡ್ ಜೆರ್ರಿಯೂ ಇದೆ, ಡೋರೆಮಾನ್ ಕೂಡ ಇದೆ. ‘ಎಲ್ಲಾ ಕಾರ್ಟೂನೇ ತಾನೆ, ನೋಡ್ಕೊಳ್ಳಲಿ ಬಿಡಿ’ ಎನ್ನುವ ತಂದೆ ತಾಯಿಗಳೂ ಇದ್ದಾರೆ. ‘ಇದು ಕಾರ್ಟೂನ್ ಅಲ್ಲ, ಅನಿಮೆ’ ಎಂದು ತಿದ್ದುವ ಮಕ್ಕಳೂ ಇದ್ದಾರೆ. ‘ಅನಿಮೆ’ ಎಂಬುದು ‘ಅನಿಮೇಷನ್’ ಪದವನ್ನೇ ಜಪಾನೀಯರು ಮೊಟಕುಗೊಳಿಸಿ ಮಾಡಿಕೊಂಡ ಹೆಸರು. ಹಾಗಾದರೆ ವ್ಯತ್ಯಾಸ ಇರುವುದೆಲ್ಲಿ? ದೊಡ್ಡ ಕಣ್ಣು, ಚೂಪು ಕೂದಲಿನಲ್ಲೇ? ಅಲ್ಲ. ಅದು ಒಂದು ಸರಳವಾದ ಗುಣಾಕಾರದಿಂದ ಆರಂಭವಾಗುತ್ತದೆ.

ಇಪ್ಪತ್ತನಾಲ್ಕರ ಲೆಕ್ಕ

ಬೆಳ್ಳಿತೆರೆಯ ಮೇಲೆ ಸೆಕೆಂಡಿಗೆ 24 ಚಿತ್ರ ಚೌಕಟ್ಟುಗಳು ಸರಿಯುತ್ತವೆ. ಒಂದಕ್ಕಿಂತ ಒಂದು ಕೊಂಚವೇ ಭಿನ್ನವಾದ ಚಿತ್ರಗಳು ಹೀಗೆ ಬೇಗ ಬೇಗನೆ ಎದುರಾದಾಗ, ನಮ್ಮ ಮಿದುಳು ನಡುವಿನ ಅಂತರವನ್ನು ತಾನೇ ತುಂಬಿಕೊಂಡು ಅದನ್ನು ಚಲನೆ ಎಂದು ಗ್ರಹಿಸುತ್ತದೆ. ಪ್ರತಿ ಚೌಕಟ್ಟಿಗೂ ಬೇರೆ ಚಿತ್ರ ಬರೆಯುವುದಾದರೆ ಒಂದು ನಿಮಿಷಕ್ಕೆ 1,440 ಚಿತ್ರಗಳು ಬೇಕು. ಡಿಸ್ನಿಯ 1937ರ ‘ಸ್ನೋ ವೈಟ್’ 83 ನಿಮಿಷಗಳ ಚಿತ್ರ. ಗುಣಿಸಿ ನೋಡಿ: 1,19,520 ಚೌಕಟ್ಟುಗಳು!

ಇಷ್ಟೊಂದು ಬರೆಯುವ ಬದಲು ಒಂದೇ ಚಿತ್ರವನ್ನು ಎರಡು ಚೌಕಟ್ಟುಗಳಿಗೆ ಬಳಸುವುದು ರೂಢಿ. ಆಗ ಸೆಕೆಂಡಿಗೆ 12 ಚಿತ್ರ ಸಾಕು. ಚುರುಕಾದ ಚಲನೆಗೆ ಮಾತ್ರ ಪೂರ್ತಿ 24. ಹಾಗಿದ್ದರೂ ಒಂದೇ ದೃಶ್ಯದಲ್ಲಿ ನಾಲ್ಕೈದು ಪಾತ್ರಗಳಿದ್ದರೆ ಒಂದೊಂದನ್ನೂ ಬೇರೆ ಬೇರೆ ಪಾರದರ್ಶಕ ಹಾಳೆಯ ಮೇಲೆ ಬರೆಯಬೇಕಿತ್ತು. ‘ಸ್ನೋ ವೈಟ್’ಗೆ ಆ ಕಾಲದಲ್ಲೇ ಸುಮಾರು 15 ಲಕ್ಷ ಡಾಲರ್ ವೆಚ್ಚವಾಯಿತು. ಅಮೆರಿಕದ ಹಳೆಯ ಚಿತ್ರಗಳಲ್ಲಿ ಕಾಣುವ ನೀರಿನಂಥ ನಯವಾದ ಚಲನೆಯ ಗುಟ್ಟು ಇದು: ಅಪಾರ ಚಿತ್ರ, ಅಪಾರ ದುಡಿಮೆ, ಅಪಾರ ಹಣ.

ಮೊದಲು ಕೈಬಿಗಿ ಹಿಡಿದವರು

ಟೆಲಿವಿಷನ್ ಬಂದ ಮೇಲೆ ಈ ಲೆಕ್ಕ ತಲೆಕೆಳಗಾಯಿತು. ವಾರಕ್ಕೊಂದು ಅರ್ಧ ಗಂಟೆಯ ಕಂತು ಬೇಕು, ಹಣ ಮಾತ್ರ ಅಲ್ಪ. ಚಿತ್ರಗಳ ಸಂಖ್ಯೆಗೆ ಕತ್ತರಿ ಹಾಕಿದವರು ಜಪಾನೀಯರೇ ಎಂದು ಅನೇಕರು ತಿಳಿದಿದ್ದಾರೆ. ಅದು ಸರಿಯಲ್ಲ. ಆ ದಾರಿಯಲ್ಲಿ ಮೊದಲು ನಡೆದದ್ದು ಅಮೆರಿಕವೇ.

ವಿಲಿಯಂ ಹಾನಾ ಮತ್ತು ಜೋಸೆಫ್ ಬಾರ್ಬೆರಾ ಎಂಬ ಜೋಡಿ 1940ರಿಂದ ಎಂ.ಜಿ.ಎಂ. ಸಂಸ್ಥೆಗಾಗಿ ‘ಟಾಮ್ ಅಂಡ್ ಜೆರ್ರಿ’ ಕಿರುಚಿತ್ರಗಳನ್ನು ತಯಾರಿಸುತ್ತಿದ್ದರು. ಅವುಗಳಲ್ಲಿ ಏಳಕ್ಕೆ ಆಸ್ಕರ್ ಬಂತು. ಆದರೂ 1957ರಲ್ಲಿ ಎಂ.ಜಿ.ಎಂ. ತನ್ನ ಕಾರ್ಟೂನ್ ವಿಭಾಗವನ್ನೇ ಮುಚ್ಚಿಬಿಟ್ಟಿತು. ಜೋಡಿ ಸ್ವಂತ ಸಂಸ್ಥೆ ಕಟ್ಟಿ ಟೀವಿಯ ಕಡೆ ಹೊರಳಿತು. ಅವರ ಯೋಗಿ ಎಂಬ ಕರಡಿಯ ಕುತ್ತಿಗೆಗೆ ಸದಾ ಕಾಲರ್ ಮತ್ತು ಟೈ ಇರುತ್ತದೆ. ಅದು ಬರೀ ಅಲಂಕಾರವಲ್ಲ. ಕಾಲರಿನ ಗೆರೆಯಲ್ಲಿ ತಲೆಯನ್ನೂ ಮೈಯನ್ನೂ ಬೇರೆ ಬೇರೆ ಹಾಳೆಯಲ್ಲಿ ಬರೆದರೆ, ಕರಡಿ ಮಾತನಾಡುವಾಗ ತಲೆಯನ್ನಷ್ಟೇ ಬದಲಿಸಿದರೆ ಸಾಕು! ಕಡಿಮೆಯಾದ ಚಲನೆಯ ಜಾಗವನ್ನು ಅವರು ಮಾತಿನಿಂದ, ನಗೆಚಟಾಕಿಯಿಂದ ತುಂಬಿದರು.

ವೈದ್ಯ ಪದವೀಧರನ ಯಂತ್ರಬಾಲಕ

ಇದೇ ಕೊರತೆಯನ್ನು ಜಪಾನ್ ಬೇರೆ ರೀತಿಯಲ್ಲಿ ಎದುರಿಸಿತು. ಅದರ ಹಿಂದಿದ್ದವರು ಒಸಾಮು ತೆಜುಕಾ (1928-1989). ಒಸಾಕಾದಲ್ಲಿ ವೈದ್ಯಕೀಯ ಓದಿದ ತೆಜುಕಾ ಸ್ಟೆತಾಸ್ಕೋಪ್ ಬಿಟ್ಟು ಕುಂಚ ಹಿಡಿದರು. ಡಿಸ್ನಿ ಚಿತ್ರಗಳೆಂದರೆ ಅವರಿಗೆ ಪ್ರಾಣ. ‘ಬ್ಯಾಂಬಿ’ಯನ್ನು ಎಷ್ಟೋ ಬಾರಿ ನೋಡಿದವರು. ಅನಿಮೆಯ ಗುರುತೆಂದು ಇಂದು ಎಲ್ಲರೂ ಹೇಳುವ ದೊಡ್ಡ ಕಣ್ಣುಗಳಿಗೆ ಪ್ರೇರಣೆ ಸಿಕ್ಕಿದ್ದೂ ಅಮೆರಿಕದ ಆ ಚಿತ್ರಗಳಿಂದಲೇ.

1963ರ ಜನವರಿ 1ರಂದು ತೆಜುಕಾ ಅವರ ‘ತೆತ್ಸುವಾನ್ ಆಟಮ್’ ಜಪಾನಿನ ಟೀವಿಯಲ್ಲಿ ಆರಂಭವಾಯಿತು. ಹೊರದೇಶಗಳಲ್ಲಿ ಇದರ ಹೆಸರು ‘ಆಸ್ಟ್ರೋ ಬಾಯ್’. ಅಪಘಾತದಲ್ಲಿ ಮಗನನ್ನು ಕಳೆದುಕೊಂಡ ವಿಜ್ಞಾನಿಯೊಬ್ಬ ಅವನದೇ ರೂಪದ ಯಂತ್ರಬಾಲಕನನ್ನು ಸೃಷ್ಟಿಸುತ್ತಾನೆ. ಯಂತ್ರ ಮಕ್ಕಳಂತೆ ಬೆಳೆಯುವುದಿಲ್ಲ ಎಂದು ತಿಳಿದಾಗ ಸಿಟ್ಟಿಗೆದ್ದು ಅದನ್ನು ಸರ್ಕಸ್ಸಿಗೆ ಮಾರಿಬಿಡುತ್ತಾನೆ. ಮಕ್ಕಳ ಕಾರ್ಯಕ್ರಮವೊಂದರ ಆರಂಭವೇ ಹೀಗೆ!

ಇಲ್ಲಿ ಒಂದು ಚಿತ್ರ ಸಾಮಾನ್ಯವಾಗಿ ಮೂರು ಚೌಕಟ್ಟುಗಳ ಕಾಲ ನಿಂತಿತು. ಅಂದರೆ ಸೆಕೆಂಡಿಗೆ ಎಂಟೇ ಚಿತ್ರ. ಎಷ್ಟೋ ಕಡೆ ಅದಕ್ಕಿಂತಲೂ ಕಡಿಮೆ. ಒಮ್ಮೆ ಬರೆದ ಹಾರಾಟದ ದೃಶ್ಯವನ್ನು ಬ್ಯಾಂಕಿನ ಠೇವಣಿಯಂತೆ ಕೂಡಿಟ್ಟು ಮತ್ತೆ ಮತ್ತೆ ಬಳಸಿದರು. ನಿಶ್ಚಲ ಚಿತ್ರದ ಮೇಲೆ ಕ್ಯಾಮೆರಾವನ್ನು ಮೆಲ್ಲನೆ ಸರಿಸಿದರು. ಪಾತ್ರ ಓಡುವ ಬದಲು ಹಿನ್ನೆಲೆಯಲ್ಲಿ ವೇಗದ ಗೆರೆಗಳನ್ನು ಎಳೆದರು. ಹೊಡೆತ ಬೀಳುವ ಕ್ಷಣದಲ್ಲಿ ಇಡೀ ಚಿತ್ರವನ್ನೇ ನಿಲ್ಲಿಸಿಬಿಟ್ಟರು.

ಬಡತನಕ್ಕೆ ಹುಡುಕಿಕೊಂಡ ಈ ಉಪಾಯಗಳೇ ಕಾಲಕ್ರಮೇಣ ಒಂದು ಭಾಷೆಯಾದವು. ಪಾತ್ರ ಅಲುಗಾಡದಿದ್ದಾಗ ನೋಡುಗನ ಕಣ್ಣು ಮುಖದ ಮೇಲೆ, ಮೋಡದ ಮೇಲೆ, ಖಾಲಿ ಬೀದಿಯ ಮೇಲೆ ನಿಲ್ಲುತ್ತದೆ. ಮೌನಕ್ಕೂ ಅರ್ಥ ಬರುತ್ತದೆ. ಮುಂದೆ ಹಣ, ಅನುಕೂಲ ಎರಡೂ ಇದ್ದ ಹಯಾವೊ ಮಿಯಾಜಾಕಿಯವರಂಥ ನಿರ್ದೇಶಕರೂ ತಮ್ಮ ನಯವಾದ ಚಿತ್ರಗಳಲ್ಲಿ ಈ ನಿಲುಗಡೆಗಳನ್ನು ಬೇಕೆಂದೇ ಉಳಿಸಿಕೊಂಡರು.

ಧ್ವನಿಯಲ್ಲೂ ವ್ಯತ್ಯಾಸವಿದೆ. ಅಮೆರಿಕದಲ್ಲಿ ಸಾಮಾನ್ಯವಾಗಿ ಸಂಭಾಷಣೆಯನ್ನು ಮೊದಲು ಧ್ವನಿಮುದ್ರಿಸಿ, ಅದಕ್ಕೆ ತಕ್ಕಂತೆ ತುಟಿಗಳನ್ನು ಬರೆಯುತ್ತಾರೆ. ಜಪಾನಿನಲ್ಲಿ ಚಿತ್ರ ಮೊದಲು, ಮಾತು ನಂತರ. ಹೀಗಾಗಿ ಅನಿಮೆಯ ಬಾಯಿಗಳು ಎರಡು ಮೂರು ಆಕಾರಗಳಲ್ಲೇ ತೆರೆದು ಮುಚ್ಚಿಕೊಳ್ಳುತ್ತವೆ.

ಈ ಕಥೆಗೆ ಕಹಿಯಾದ ಮುಖವೂ ಇದೆ. ಅಗ್ಗದ ದರಕ್ಕೆ ಒಪ್ಪಿಕೊಂಡು ಆರಂಭವಾದ ಈ ಉದ್ಯಮದಲ್ಲಿ ಚಿತ್ರ ಬರೆಯುವವರ ಕೂಲಿ ಬಹುಕಾಲ ಕೆಳಮಟ್ಟದಲ್ಲೇ ಉಳಿಯಿತು. ತೆಜುಕಾ ಕಟ್ಟಿದ ಮುಶಿ ಪ್ರೊಡಕ್ಷನ್ ಸಂಸ್ಥೆಯೇ 1973ರಲ್ಲಿ ದಿವಾಳಿಯಾಯಿತು.

ಸಾಯದ ಟಾಮ್, ಹಸಿದ ಸೆತ್ಸುಕೊ

ಟಾಮ್ ಬೆಕ್ಕಿನ ಮೇಲೆ ಪಿಯಾನೋ ಬಿದ್ದರೆ ಅದು ಹಪ್ಪಳವಾಗುತ್ತದೆ. ಮರುಕ್ಷಣದಲ್ಲಿ ಎದ್ದು ಓಡುತ್ತದೆ. ಅಮೆರಿಕದ ಕಾರ್ಟೂನುಗಳಲ್ಲಿ ಬಂಡೆಯ ಅಂಚು ದಾಟಿ ನಡೆದವನು ಕೆಳಗೆ ನೋಡುವವರೆಗೂ ಬೀಳುವುದಿಲ್ಲ! ನ್ಯೂಟನ್ನನ ನಿಯಮಕ್ಕೆ ಅಲ್ಲಿ ಸ್ವಲ್ಪ ಹೊತ್ತು ರಜೆ. ನೋವು ಉಳಿಯದ ಲೋಕವಾದ್ದರಿಂದಲೇ ನಾವು ನಗುತ್ತೇವೆ. ಮುಂದಿನ ಕಂತಿನಲ್ಲಿ ಎಲ್ಲವೂ ಮೊದಲಿನಂತೆ.

ಇಸಾವೊ ತಕಾಹತಾ ಒಂಬತ್ತು ವರ್ಷದ ಬಾಲಕನಾಗಿದ್ದಾಗ, 1945ರಲ್ಲಿ ಒಕಾಯಾಮಾ ನಗರದ ಮೇಲೆ ನಡೆದ ಬಾಂಬ್ ದಾಳಿಯಿಂದ ಪಾರಾದವರು. ಅವರು 1988ರಲ್ಲಿ ಸ್ಟುಡಿಯೊ ಗಿಬ್ಲಿಗಾಗಿ ನಿರ್ದೇಶಿಸಿದ ‘ಗ್ರೇವ್ ಆಫ್ ದ ಫೈರ್‌ಫ್ಲೈಸ್’ನಲ್ಲಿ ಯುದ್ಧದಲ್ಲಿ ತಾಯಿಯನ್ನು ಕಳೆದುಕೊಂಡ ಸೈತಾ ಎಂಬ ಹುಡುಗ ಪುಟ್ಟ ತಂಗಿ ಸೆತ್ಸುಕೊಳನ್ನು ಸಾಕಲು ಹೆಣಗುತ್ತಾನೆ. ಹಸಿವು ಇಬ್ಬರನ್ನೂ ಬಿಡುವುದಿಲ್ಲ. ಇಲ್ಲಿ ಬಿದ್ದವರು ಏಳುವುದಿಲ್ಲ.

ಸೋಜಿಗವೆಂದರೆ, ಈ ಚಿತ್ರ ಜಪಾನಿನ ಚಿತ್ರಮಂದಿರಗಳಿಗೆ ಬಂದದ್ದು ಮಿಯಾಜಾಕಿಯವರ ‘ಮೈ ನೇಬರ್ ಟೊಟೊರೊ’ ಜೊತೆಯಲ್ಲಿ, ಒಂದೇ ಟಿಕೇಟಿಗೆ ಎರಡು ಚಿತ್ರವಾಗಿ. ಟೊಟೊರೊ ಪುಟಾಣಿಗಳೂ ನೋಡಿ ನಲಿಯುವ ಚಿತ್ರ. ಇನ್ನೊಂದು ದೊಡ್ಡವರನ್ನೂ ಅಲ್ಲಾಡಿಸಿಬಿಡುವಂಥದ್ದು. ಎರಡೂ ಒಂದೇ ಸಂಸ್ಥೆಯವು, ಎರಡೂ ಕುಂಚದಲ್ಲಿ ಬರೆದವು. ತಂದೆ ತಾಯಿಗಳು ನೆನಪಿಡಬೇಕಾದ ಪಾಠ ಇಲ್ಲೇ ಇದೆ: ಕೈಯಲ್ಲಿ ಬರೆದ ಚಿತ್ರ ಎಂಬುದು ವಯಸ್ಸಿನ ಪ್ರಮಾಣಪತ್ರವಲ್ಲ. ನಮ್ಮ ಮಕ್ಕಳಿಗೆ ಚಿರಪರಿಚಿತನಾದ ಶಿನ್‌ಚಾನ್ ಮೊದಲು ಕಾಣಿಸಿಕೊಂಡದ್ದು 1990ರಲ್ಲಿ, ಜಪಾನಿನ ವಯಸ್ಕರ ಚಿತ್ರಕಥಾ ಪತ್ರಿಕೆಯಲ್ಲಿ!

ಹಾಗೆಂದು ಅಮೆರಿಕದ್ದೆಲ್ಲ ನಗೆ, ಜಪಾನಿನದ್ದೆಲ್ಲ ಗಂಭೀರ ಎಂದು ಗೆರೆ ಎಳೆಯುವುದೂ ತಪ್ಪು. 1942ರ ‘ಬ್ಯಾಂಬಿ’ಯಲ್ಲಿ ಜಿಂಕೆಮರಿಯ ತಾಯಿ ಬೇಟೆಗಾರನ ಗುಂಡಿಗೆ ಬಲಿಯಾಗುತ್ತದೆ. ಅತ್ತ ಡೋರೆಮಾನಿನ ನೊಬಿತಾ 1979ರಿಂದಲೂ ಹೋಮ್‌ವರ್ಕ್ ಮಾಡದೆ ಅದೇ ತರಗತಿಯಲ್ಲಿ ಕೂತಿದ್ದಾನೆ!

ಆ ಮಂಗಳವಾರ ಸಂಜೆ

ಅಗ್ಗದ ತಂತ್ರವೊಂದು ಅಪಾಯಕ್ಕೆ ತಿರುಗಿದ ಪ್ರಸಂಗವೂ ಉಂಟು. ಎರಡು ಬಣ್ಣಗಳನ್ನು ಒಂದರ ಹಿಂದೆ ಒಂದರಂತೆ ಮಿನುಗಿಸಿದರೆ ಹೊಸ ಚಿತ್ರ ಬರೆಯದೆಯೇ ಸ್ಫೋಟದ ಪರಿಣಾಮ ಸಿಗುತ್ತದೆ. 1997ರ ಡಿಸೆಂಬರ್ 16ರ ಸಂಜೆ ಜಪಾನಿನಲ್ಲಿ ಪ್ರಸಾರವಾದ ‘ಪೋಕೆಮಾನ್’ ಕಂತಿನಲ್ಲಿ ಕೆಂಪು ಮತ್ತು ನೀಲಿ ಬೆಳಕು ಸೆಕೆಂಡಿಗೆ ಸುಮಾರು 12 ಬಾರಿಯ ವೇಗದಲ್ಲಿ ಕೆಲವು ಸೆಕೆಂಡು ಮಿನುಗಿತು. ದೇಶದ ಉದ್ದಗಲಕ್ಕೂ ಮಕ್ಕಳಿಗೆ ತಲೆಸುತ್ತು, ವಾಕರಿಕೆ, ಕೆಲವರಿಗೆ ಫಿಟ್ಸ್. ಸುಮಾರು 685 ಮಂದಿಯನ್ನು ಆಸ್ಪತ್ರೆಗೆ ಸಾಗಿಸಲಾಯಿತು.

ಕೆಲವರ ಮಿದುಳು ವೇಗವಾಗಿ ಮಿನುಗುವ ಬೆಳಕಿಗೆ ಅತಿಯಾಗಿ ಸ್ಪಂದಿಸುತ್ತದೆ. ನರಕೋಶಗಳು ಒಟ್ಟೊಟ್ಟಿಗೆ ಮಿಡಿಯತೊಡಗಿ ಸೆಳವು ಬರುತ್ತದೆ. ಕತ್ತಲ ಕೋಣೆಯಲ್ಲಿ ಪರದೆಗೆ ಹತ್ತಿರ ಕುಳಿತರೆ ಅಪಾಯ ಹೆಚ್ಚು. ಧಾರಾವಾಹಿ ನಾಲ್ಕು ತಿಂಗಳು ನಿಂತಿತು. 1998ರಲ್ಲಿ ಜಪಾನಿನ ಪ್ರಸಾರ ಸಂಸ್ಥೆಗಳು ಮಿನುಗುವಿಕೆಗೆ ಮಿತಿ ಹಾಕಿಕೊಂಡವು. ‘ಕೋಣೆಯಲ್ಲಿ ಬೆಳಕಿರಲಿ, ಟೀವಿಯಿಂದ ದೂರ ಕುಳಿತು ನೋಡಿ’ ಎಂಬರ್ಥದ ಸೂಚನೆ ಅಲ್ಲಿನ ಮಕ್ಕಳ ಕಾರ್ಯಕ್ರಮಗಳಲ್ಲಿ ಕಾಣಿಸಿಕೊಂಡದ್ದು ಹೀಗೆ. ದೀಪ ಆರಿಸಿ ಮೊಬೈಲನ್ನು ಮೂಗಿಗೆ ಹಿಡಿಯುವ ನಮ್ಮ ಮಕ್ಕಳಿಗೂ ಈ ಮಾತು ಅನ್ವಯಿಸುತ್ತದೆ.

ರಾಮಾಯಣದ ಸೇತುವೆ

ಅನಿಮೆಯ ನಂಟು ನಮ್ಮ ದೇಶಕ್ಕೂ ಇದೆ. ಜಪಾನಿನ ಯೂಗೊ ಸಾಕೊ ರಾಮಾಯಣಕ್ಕೆ ಮನಸೋತು ಅದನ್ನು ಚಿತ್ರ ಮಾಡಲು ಹೊರಟರು. ಭಾರತೀಯ ಅನಿಮೇಷನ್ನಿನ ಹಿರಿಯ ರಾಮ್ ಮೋಹನ್ ಅವರ ಜೊತೆ ನಿರ್ದೇಶನದಲ್ಲಿ ಕೈಜೋಡಿಸಿದರು. ಪಂಚೆ ಉಡುವುದು ಹೇಗೆ, ಹಿರಿಯರಿಗೆ ನಮಸ್ಕರಿಸುವುದು ಹೇಗೆ ಎಂಬುದನ್ನೂ ಜಪಾನಿನ ಕಲಾವಿದರು ಕಲಿಯಬೇಕಾಯಿತು. 1992ರಲ್ಲಿ ಪೂರ್ಣಗೊಂಡ ಆ ಚಿತ್ರ 2025ರ ಜನವರಿಯಲ್ಲಿ ಹೊಸ ಮೆರುಗಿನೊಂದಿಗೆ ಭಾರತದ ಚಿತ್ರಮಂದಿರಗಳಿಗೆ ಬಂತು.

ಅಮೆರಿಕವೂ ಜಪಾನಿನಿಂದ ಕಲಿಯುತ್ತಿದೆ. ಮಿಯಾಜಾಕಿಯವರ ‘ಸ್ಪಿರಿಟೆಡ್ ಅವೇ’ 2003ರಲ್ಲಿ ಆಸ್ಕರ್ ಪಡೆಯಿತು. 2010ರ ‘ಟಾಯ್ ಸ್ಟೋರಿ 3’ರಲ್ಲಿ ಗೊಂಬೆಗಳ ನಡುವೆ ಒಬ್ಬ ಟೊಟೊರೊ ಕೂತಿದ್ದಾನೆ. ಆದ್ದರಿಂದ ‘ಇದು ಯಾವ ದೇಶದ್ದು’ ಎಂಬುದಕ್ಕಿಂತ ‘ಇದನ್ನು ಯಾವ ವಯಸ್ಸಿನವರಿಗಾಗಿ ಮಾಡಿದ್ದಾರೆ’ ಎಂಬ ಪ್ರಶ್ನೆಯೇ ಮುಖ್ಯ. ಉತ್ತರ ತಿಳಿಯಲು ತಂದೆ ತಾಯಿಗಳು ಮಾಡಬೇಕಾದದ್ದು ಇಷ್ಟೇ: ಒಂದು ಕಂತನ್ನಾದರೂ ಮಕ್ಕಳ ಪಕ್ಕದಲ್ಲಿ ಕುಳಿತು ಪೂರ್ತಿ ನೋಡುವುದು.

ವಿದ್ಯಾರ್ಥಿಗಳಿಗೆ ಒಂದು ಪ್ರಯೋಗ. ಹಳೆಯ ನೋಟ್ ಪುಸ್ತಕದ ಅಂಚಿನಲ್ಲಿ, ಹನ್ನೊಂದು ಪುಟಗಳಲ್ಲಿ ಒಂದೊಂದು ಚೆಂಡು ಬರೆಯಿರಿ. ಪ್ರತಿ ಪುಟದಲ್ಲೂ 10 ಮಿಲಿಮೀಟರ್ ಕೆಳಗಿಳಿಸುತ್ತ ಹೋಗಿ. ಪುಟಗಳನ್ನು ಸರ್ರನೆ ಬಿಟ್ಟರೆ ಚೆಂಡು ದಾರ ಕಟ್ಟಿ ಇಳಿಸಿದಂತೆ ಕಾಣುತ್ತದೆ. ಈಗ ಇನ್ನೊಂದು ಪುಸ್ತಕದಲ್ಲಿ ಮೊದಲ ಚೆಂಡಿನಿಂದ 1, 4, 9, 16, 25 ಮಿಲಿಮೀಟರ್, ಹೀಗೆ 100ರವರೆಗೆ ಇಳಿಸಿ. ಗೆಲಿಲಿಯೊ ಕಂಡುಕೊಂಡ ಬೀಳುವ ವಸ್ತುವಿನ ಲೆಕ್ಕವಿದು. ಚೆಂಡಿಗೆ ತೂಕ ಬಂದುಬಿಡುತ್ತದೆ!

ಮೂರನೆಯ ಬಾರಿ, ಚೆಂಡು ಬೀಳುವ ಮೊದಲು ಐದು ಪುಟಗಳಲ್ಲಿ ಅದನ್ನು ಅಲುಗಾಡದಂತೆ ಅಲ್ಲೇ ಬರೆದು ನೋಡಿ. ಈಗ ಬೀಳುತ್ತದೆ, ಈಗ ಬೀಳುತ್ತದೆ ಎಂದು ಕಣ್ಣು ಕಾಯತೊಡಗುತ್ತದೆ. ತೂಕ ತಂದ ಲೆಕ್ಕವನ್ನು ಡಿಸ್ನಿಯ ಕಲಾವಿದರು ಅರೆದು ಕುಡಿದಿದ್ದರು. ಕಾಯಿಸಿದ ಆ ಐದು ಪುಟಗಳ ಬೆಲೆಯನ್ನು ತೆಜುಕಾ ಅರಿತಿದ್ದರು.