ಹರಾಜಿನ ನಾಣ್ಯ: ಅಂದಾಜು ಒಂದು, ಕೂಗಿದ್ದು ಇನ್ನೊಂದು

ಬಸವಾಪಟ್ಟಣ ಒಂದು ಕಾಲಕ್ಕೆ ಮೊಘಲರ ಶಿರಾ ಸುಬೆಯ, ಅಂದರೆ ಪ್ರಾಂತದ, ಏಳು ಪರಗಣೆಗಳಲ್ಲಿ ಒಂದು. ಇಂಥ ಊರಿನ ಹಳೇ ಪೆಟ್ಟಿಗೆಯಲ್ಲಿ ವರಹ ಎಂಬ ಚಿನ್ನದ ನಾಣ್ಯ ಸಿಕ್ಕರೆ ಎಲ್ಲರೂ ಮೊದಲು ಕೇಳುವುದು, 'ಎಷ್ಟು ಬಾಳುತ್ತೆ?'

ಹರಾಜು ಸಂಸ್ಥೆಯ ಕೆಟಲಾಗಿನಲ್ಲಿ ಪ್ರತಿ ನಾಣ್ಯಕ್ಕೂ ಎಸ್ಟಿಮೇಟ್, ಅಂದರೆ ಅಂದಾಜು ಬೆಲೆ, ಬರೆದಿರುತ್ತಾರೆ. ಹಿಂದೆ ಅಂಥದ್ದೇ ನಾಣ್ಯ ಎಷ್ಟಕ್ಕೆ ಹೋಗಿತ್ತು ಎಂಬುದೇ ಅದಕ್ಕೆ ಆಧಾರ. ಆದರೆ ಅಪರೂಪದ ನಾಣ್ಯ ಹರಾಜಿಗೆ ಬರುವುದೇ ಎಷ್ಟೋ ವರ್ಷಕ್ಕೊಮ್ಮೆ. ಹೋಲಿಸಲು ಏನೂ ಇರುವುದಿಲ್ಲ. ಜನ ಸೇರಲಿ ಎಂದು ಬೇಕಂತಲೇ ಕಡಿಮೆ ಬರೆಯುವುದೂ ಉಂಟು. ಹಟಕ್ಕೆ ಬಿದ್ದವರು ಇಬ್ಬರಿದ್ದರೆ ಬೆಲೆ ಏರುತ್ತದೆ, ಒಬ್ಬರೇ ಇದ್ದರೆ ಅಲ್ಲೇ ನಿಲ್ಲುತ್ತದೆ.

ಅಮೆರಿಕದ 1933ರ 'ಡಬಲ್ ಈಗಲ್' ಚಿನ್ನದ ನಾಣ್ಯಕ್ಕೆ 2021ರಲ್ಲಿ 1ರಿಂದ 1.5 ಕೋಟಿ ಡಾಲರ್ ಅಂದಾಜಿತ್ತು. ಹೋಗಿದ್ದು ಸುಮಾರು 1.89 ಕೋಟಿಗೆ. 2013ರಲ್ಲಿ 1 ಕೋಟಿ ಡಾಲರ್ ದಾಟಿದ್ದ 1794ರ ಬೆಳ್ಳಿ ಡಾಲರ್ 2020ರಲ್ಲಿ ಮಾರಾಟವೇ ಆಗಲಿಲ್ಲ. ಕೂಗು ರಿಸರ್ವ್ ಪ್ರೈಸ್ ಮುಟ್ಟಲಿಲ್ಲ. ಇದಕ್ಕಿಂತ ಕಡಿಮೆಗೆ ಕೊಡುವುದಿಲ್ಲ ಎಂದು ಮಾರುವವರು ಮೊದಲೇ ಗೊತ್ತುಮಾಡಿದ ಬೆಲೆ ಅದು.

ನಮ್ಮ ವರಹಕ್ಕೆ ಬರೋಣ. ಕೆಳದಿ ಅರಸರ ವರಹದಲ್ಲಿ ಒಂದು ಕಡೆ ಶಿವ ಪಾರ್ವತಿ, ಇನ್ನೊಂದು ಕಡೆ ನಾಗರಿಯಲ್ಲಿ 'ಶ್ರೀ ಸದಾಶಿವ'. 1763ರಲ್ಲಿ ಅವರ ರಾಜಧಾನಿ ಬಿದನೂರು ಗೆದ್ದ ಹೈದರಾಲಿ ಶಿವ ಪಾರ್ವತಿಯನ್ನು ಹಾಗೇ ಉಳಿಸಿ, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಪರ್ಷಿಯನ್ ಅಕ್ಷರ ಹಾಕಿಸಿದ. ಎರಡೂ ಸುಮಾರು 3.4 ಗ್ರಾಂ ಚಿನ್ನ. ಹಾಗಾಗಿ ಹಿಂಬದಿಯನ್ನೂ ತಿರುಗಿಸಿ ನೋಡಿ. ಚಿನ್ನದ ಬೆಲೆ ಹೇಗೂ ಇದ್ದೇ ಇದೆ. ಅದರ ಮೇಲೆ ಸಿಗುವುದು ಅಚ್ಚು ಎಷ್ಟು ಸ್ಪಷ್ಟವಾಗಿದೆ ಎಂಬುದರ ಮೇಲೆ ನಿಂತಿದೆ. ಸರಕ್ಕೆ ಪೋಣಿಸಲು ಕೊಂಡಿ ಬೆಸೆದಿದ್ದರೆ ಬೆಲೆ ಇಳಿಯುತ್ತದೆ. ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ.

ಖರ್ಚೂ ಇದೆ. ಕೊಳ್ಳುವವರು ಕೂಗಿದ ಬೆಲೆಯ ಮೇಲೆ ಬೈಯರ್ಸ್ ಪ್ರೀಮಿಯಂ ಎಂಬ ಸಂಸ್ಥೆಯ ಪಾಲನ್ನೂ ತೆರಿಗೆಯನ್ನೂ ಕಟ್ಟಬೇಕು. ಪಾಲು ಶೇ. 15 ಎಂದುಕೊಳ್ಳಿ: 1 ಲಕ್ಷದ ನಾಣ್ಯಕ್ಕೆ ತೆರಿಗೆ ಬಿಟ್ಟು 1,15,000 ರೂಪಾಯಿ. ಮಾರುವವರು ಕೊಡಬೇಕಾದ ಕಮಿಷನ್ ಬೇರೆ; ಅದೆಷ್ಟೆಂದು ಬರಹದಲ್ಲೇ ಕೇಳಿ ಪಡೆಯಿರಿ.

ಬೆಂಗಳೂರಿನ ಮರುಧರ್ ಆರ್ಟ್ಸ್, ಮುಂಬೈನ ತೋಡಿವಾಲಾ ಇಂಥ ಹರಾಜು ನಡೆಸುತ್ತಾರೆ. ಎಸ್ಟಿಮೇಟ್ ಬಿಟ್ಟು, ಹಳೆಯ ಹರಾಜುಗಳಲ್ಲಿ ನಿಜಕ್ಕೂ ಬಂದ ಬೆಲೆಗಳ ಪಟ್ಟಿ ನೋಡಿ. ನನಗೆ ನಂಬಿಕೆಯಿರುವುದು ಅದರ ಮೇಲೆ ಮಾತ್ರ.

ಹೊಲ ಉಳುವಾಗ ಸಿಕ್ಕಿತೇ? ಅದು ನಿಧಿ; ಮಾರುವಂತಿಲ್ಲ, ಜಿಲ್ಲಾಧಿಕಾರಿಗೆ ತಿಳಿಸಬೇಕು. ಇನ್ನು ರಿಸರ್ವ್ ಬ್ಯಾಂಕಿನ ಹೆಸರು ಹೇಳಿ, ಹಳೇ ನಾಣ್ಯ ಮಾರಿಸಿಕೊಡುತ್ತೇವೆ, ಶುಲ್ಕ ಕಟ್ಟಿ ಎನ್ನುವವರು ಮೋಸಗಾರರು. ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ. ಅಂಥ ಕರೆ ಬಂದರೆ ಒಂದು ರೂಪಾಯಿಯನ್ನೂ ಕಳಿಸಬೇಡಿ.