ದೂಳಿಗೆ ಎದೆ ಬಿಗಿಯುವುದೇಕೆ?

ಹಬ್ಬದ ಮುಂಚೆ ಅಟ್ಟ ಗುಡಿಸುತ್ತೀರಿ. ಅಣ್ಣನಿಗೆ ಎರಡು ಸೀನು ಬಂದು ನಿಲ್ಲುತ್ತದೆ. ತಂಗಿಗೆ ಮಾತ್ರ ಎದೆ ಬಿಗಿದು, ಉಸಿರಿನ ಜೊತೆ ‘ಸುಂಯ್’ ಎಂಬ ಸದ್ದು ಹೊರಡುತ್ತದೆ. ಅಜ್ಜಿ ಅದನ್ನು ಗೂರಲು ಎನ್ನುತ್ತಾರೆ, ಡಾಕ್ಟರು ಅಸ್ತಮಾ ಎನ್ನುತ್ತಾರೆ. ದೂಳು ಒಂದೇ ಆದರೂ ಹೀಗೇಕೆ?

ಮಕ್ಕಳೇ, ಕೈ ಮಡಚಿ ತೋಳಿನ ಸ್ನಾಯುವನ್ನು ಉಬ್ಬಿಸಿ ನೋಡಿ. ಅದು ನೀವು ಹೇಳಿದಂತೆ ಕೇಳುತ್ತದೆ. ಆದರೆ ಶ್ವಾಸನಾಳಗಳನ್ನು ಸುತ್ತಿಕೊಂಡಿರುವ ಸ್ನಾಯು ಹಾಗಲ್ಲ. ಅದರ ಹೆಸರು ನಯಸ್ನಾಯು. ನರಗಳು ಮತ್ತು ರಾಸಾಯನಿಕಗಳು ತರುವ ಸಂದೇಶಕ್ಕೆ ಅದು ಓಗೊಡುತ್ತದೆ, ನಮ್ಮ ಇಚ್ಛೆಗಲ್ಲ.

ಇಂಥ ಸಂದೇಶ ಕಳಿಸುವ ಕಾವಲುಗಾರರಲ್ಲಿ ಮಾಸ್ಟ್ ಕೋಶವೂ ಒಂದು. ಇದು ನಮ್ಮ ರೋಗನಿರೋಧಕ ಪಡೆಗೆ ಸೇರಿದ್ದು. 1878ರಲ್ಲಿ ಜರ್ಮನಿಯ ಪಾಲ್ ಎರ್ಲಿಶ್, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಬಣ್ಣ ಹಾಕಿ ಇದನ್ನು ಗುರುತಿಸಿದರು. ಒಳಗೆ ಕಾಳುಗಳು ತುಂಬಿದ್ದರಿಂದ ‘ಚೆನ್ನಾಗಿ ಉಂಡ ಕೋಶ’ ಎಂಬ ಅರ್ಥದ ಹೆಸರಿಟ್ಟರು. ಆ ಕಾಳುಗಳಲ್ಲಿರುವುದು ಹಿಸ್ಟಮಿನ್. ಅದು ಶ್ವಾಸನಾಳದ ಸ್ನಾಯುವನ್ನು ಬಿಗಿಯುತ್ತದೆಂದು 1910ರಲ್ಲಿ ಇಂಗ್ಲೆಂಡಿನ ಹೆನ್ರಿ ಡೇಲ್ ಮತ್ತು ಪ್ಯಾಟ್ರಿಕ್ ಲೇಡ್ಲಾ ತೋರಿಸಿದರು.

ತಂಗಿಯ ಮಾಸ್ಟ್ ಕೋಶಗಳ ಮೈಮೇಲೆ, ದೂಳಿನ ನುಸಿಯನ್ನು ಶತ್ರುವೆಂದು ತಪ್ಪಾಗಿ ಗುರುತಿಟ್ಟ ಪ್ರತಿಕಾಯಗಳು ಕಾದು ಕುಳಿತಿರುತ್ತವೆ. ನುಸಿಯ ಕಣ ತಗುಲಿತೋ, ಕಾಳುಗಳು ಒಡೆದು ಹಿಸ್ಟಮಿನ್ ಹೊರಬೀಳುತ್ತದೆ. ಸ್ನಾಯುಕೋಶದೊಳಗೆ ಕ್ಯಾಲ್ಸಿಯಂ ಏರಿ, ಸ್ನಾಯು ಕುಗ್ಗಿ, ಉಸಿರಿನ ದಾರಿ ಕಿರಿದಾಗುತ್ತದೆ. ಬೆನ್ನಿಗೇ ಲ್ಯೂಕೋಟ್ರೈನ್ ಎಂಬ ಇನ್ನೊಂದು ರಾಸಾಯನಿಕ ತಯಾರಾಗುತ್ತದೆ. ಅದರ ಹಿಡಿತ ಹೆಚ್ಚು ಬಲವಾದದ್ದು, ಹೆಚ್ಚು ಹೊತ್ತು ಇರುವಂಥದ್ದು. ಒಳಪದರವೂ ಊದಿಕೊಳ್ಳುತ್ತದೆ.

ಅಜ್ಜ ಅಜ್ಜಿಯರೇ, ಇಲ್ಲೊಂದು ಮಾತು. ಇನ್‌ಹೇಲರ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಬಿಗಿದ ಸ್ನಾಯುವನ್ನು ಕೆಲವೇ ನಿಮಿಷಗಳಲ್ಲಿ ಸಡಿಲಿಸುತ್ತದೆ. ಇನ್ನೊಂದು, ದಿನವೂ ತೆಗೆದುಕೊಳ್ಳುವಂಥದ್ದು, ಊತ ಇಳಿಸಿ ಕಾವಲುಗಾರರನ್ನು ಶಾಂತವಾಗಿಡುತ್ತದೆ. ‘ಅಭ್ಯಾಸವಾಗಿಬಿಡುತ್ತೆ, ಮಗು ಈಗ ಚೆನ್ನಾಗೇ ಇದೆಯಲ್ಲ’ ಎಂದು ಎರಡನೆಯದನ್ನು ನಿಲ್ಲಿಸುವ ಮನೆಗಳುಂಟು. ಅದು ಚಟ ಹಿಡಿಸುವ ಮದ್ದಲ್ಲ. ಮಗು ಚೆನ್ನಾಗಿರುವುದು ಬಹುಪಾಲು ಅದರಿಂದಲೇ. ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಮಗುವಿಗೆ ಮಾತಾಡಲೂ ಉಸಿರು ಸಾಲದಿದ್ದರೆ, ತುಟಿ ನೀಲಿಯಾದರೆ, ಕ್ಷಣವೂ ಕಾಯದೆ ಆಸ್ಪತ್ರೆಗೆ ಹೊರಡಿ.

ಅಟ್ಟದ ಕೆಲಸ ಈ ಸಲ ಅಣ್ಣನದೇ ಆಗಲಿ. ತಂಗಿ ಅಂಗಳದಲ್ಲಿ ರಂಗೋಲಿ ಹಾಕಲಿ.